ಆ ಕಪ್ಪು ಮನೆಯ ಸ್ವರ

ಧಾರವಾಡ,
ಫೆಬ್ರುವರಿ ೩೦, ೨೨೧೭

ಇನ್ನೂ ಹುಟ್ಟದ ನನ್ನ ವಂಶದವರಿಗೆ,

ಫೆಬ್ರುವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿದ್ದಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ವಾರುಣಿ ಹಂಚಿನಮನಿ, ಅರವತ್ತೆಂಟು ವರ್ಷದ ಪಿಯಾನೋ ವಾದಕಿ. ವಾದಕಿ ಎಂದು ಬರೆಯುವಾಗ ನನಗೇ ನಗು ಬರುತ್ತದೆ, ಏಕೆಂದರೆ ಮೂವತ್ತೆಂಟು ವರ್ಷಗಳಿಂದ ನಾನು ಸಭೆಯಲ್ಲಿ ಒಂದು ಸ್ವರವನ್ನೂ ನುಡಿಸಿಲ್ಲ.

ನಮ್ಮಲ್ಲಿ ಕಲಾವಿದರು ಮೂವತ್ತು ತುಂಬಿದಾಗ ‘ಕೈಯಚ್ಚು’ ಕೊಡಬೇಕು. ತೆಳುವಾದ ಕೈಗವಸು ತೊಟ್ಟು ಮೂರು ದಿನ, ಬರುವುದನ್ನೆಲ್ಲ ನುಡಿಸಬೇಕು. ಬೆರಳಿನ ಭಾರ, ವೇಗ, ತಡವರಿಕೆ ಎಲ್ಲವನ್ನೂ ಯಂತ್ರ ಇಳಿಸಿಕೊಳ್ಳುತ್ತದೆ. ಆಮೇಲೆ ಊರೂರಿನ ಪಿಯಾನೋಗಳು ಆ ಅಚ್ಚಿನಂತೆ ತಾವೇ ನುಡಿಯುತ್ತವೆ. ನಾವು ಮತ್ತೆ ಸಭೆಯಲ್ಲಿ ಪಿಯಾನೋ ಮುಟ್ಟುವಂತಿಲ್ಲ; ವಯಸ್ಸಾದ ಕೈ ಅಚ್ಚಿಗೆ ಕೆಟ್ಟ ಹೆಸರು ತರುತ್ತದಂತೆ. ನಮ್ಮ ಪಾಲಿಗೆ ಉಳಿಯುವುದು ‘ಸಾಕ್ಷಿ ಕೂರುವುದು’. ರೇಷ್ಮೆ ಸೀರೆ ಉಟ್ಟು, ಪಿಯಾನೋ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತು, ಅದು ನುಡಿಯುವಾಗ ತಲೆದೂಗಬೇಕು. ಚಪ್ಪಾಳೆ ಬಿದ್ದಾಗ ಎದ್ದು ಕೈಮುಗಿಯಬೇಕು. ದೆಹಲಿ, ವಿಯೆನ್ನಾ, ಟೋಕಿಯೋದವರೆಗೂ ಹೋಗಿ ನಾನು ಹೀಗೆ ಕೂತು ಬಂದಿದ್ದೇನೆ.

ನನ್ನ ಅಚ್ಚಿನ ಮೂರನೇ ದಿನ ಮಧ್ಯಾಹ್ನ ಗಿರ್ಮಿಟ್ ಜೊತೆ ಮಿರ್ಚಿ ತಿಂದು, ಕೈ ಸರಿಯಾಗಿ ತೊಳೆಯದೆ ಕಣ್ಣುಜ್ಜಿಕೊಂಡೆ. ಕಣ್ಣಲ್ಲಿ ನೀರು ಧಾರಾಕಾರ ಸುರಿಯತೊಡಗಿತು. ಯುರೋಪಿನ ಹಳೆಯ, ನಿಧಾನಗತಿಯ ಕೃತಿಯೊಂದನ್ನು ನುಡಿಸುತ್ತಿದ್ದೆ. ಕೊನೆಯಲ್ಲಿ ಪಿಯಾನೋದ ಬಿಳಿ ಮನೆ, ಅಂದರೆ ಬಿಳಿ ಕೀ, ಒತ್ತಬೇಕಾದಲ್ಲಿ ಬೆರಳು ಪಕ್ಕದ ಕಪ್ಪು ಮನೆಯ ಮೇಲೆ ಬಿತ್ತು. ಮತ್ತೊಮ್ಮೆ ನುಡಿಸಲೇ ಎಂದು ಅಚ್ಚಿನ ಮೇಲ್ವಿಚಾರಕರನ್ನು ಕೇಳಿದೆ. “ಇರ್ಲಿ ಬಿಡ್ರಿ ಬಾಯೇರ, ಯಾರಿಗೆ ಗೊತ್ತಾಗ್ತೈತಿ?” ಎಂದರು. ನನಗೂ ಮನೆಗೆ ಹೋಗುವ ಅವಸರವಿತ್ತು.

ಅದು ತಪ್ಪೆಂದು ನಿಜವಾಗಿಯೂ ಯಾರಿಗೂ ಗೊತ್ತಾಗಲಿಲ್ಲ. ಬದಲಿಗೆ ಆ ಸ್ವರವನ್ನು ಹೊಗಳಿದರು. ಅದಕ್ಕೆ ‘ವಾರುಣಿ ನೋವು’ ಎಂದು ಹೆಸರಿಟ್ಟು, ಒಬ್ಬ ಪಂಡಿತ ಅದರ ಮೇಲೆ ದಪ್ಪ ಗ್ರಂಥವನ್ನೇ ಬರೆದ. ಮೆಣಸಿನಕಾಯಿಯ ಉರಿಗೆ ಸಿಕ್ಕ ಮರ್ಯಾದೆ ನನ್ನ ಇಪ್ಪತ್ತು ವರ್ಷಗಳ ಸಾಧನೆಗೆ ಸಿಗಲಿಲ್ಲ. ಮಕ್ಕಳು ಈಗ ಪುಸ್ತಕ ನೋಡಿ ಕಲಿಯುವುದಿಲ್ಲ. ಅಚ್ಚು ನುಡಿಯುವಾಗ ತಾವೇ ಇಳಿಯುವ ಮನೆಗಳ ಮೇಲೆ ಬೆರಳಿಟ್ಟು ಕಲಿಯುತ್ತಾರೆ. ಹಾಗಾಗಿ ಎಲ್ಲರ ಬೆರಳೂ ಅದೇ ಕಪ್ಪು ಮನೆಗೆ ಹೋಗುತ್ತದೆ.

ನೀಲವ್ವ ಬಡಿಗೇರಳ ಬೆರಳು ಮಾತ್ರ ಹೋಗಲಿಲ್ಲ. ಪಿಯಾನೋ ರಿಪೇರಿ ಮಾಡುವವನ ಮಗಳಾದ ಅವಳು ನನ್ನ ಶಿಷ್ಯೆ. ಅಂಥ ಕೈ ನಾನು ಬೇರೆಲ್ಲೂ ಕಂಡಿಲ್ಲ, ನನಗೂ ಇರಲಿಲ್ಲ. ಅಪ್ಪನ ಹತಾರದ ಪೆಟ್ಟಿಗೆಯ ತಳದಲ್ಲಿ ಹಾಸಿದ್ದ, ಅದೇ ಕೃತಿಯ ಹಳೆಯ ಸ್ವರಪುಸ್ತಕದ ಹಾಳೆ ಅವಳಿಗೆ ಸಿಕ್ಕಿತ್ತು. ಹದಿನೆಂಟರ ವಯಸ್ಸಿನಲ್ಲಿ ಕೈಯಚ್ಚಿನ ಅರ್ಹತಾ ಪರೀಕ್ಷೆಗೆ ಕೂತಾಗ, ಆ ಜಾಗದಲ್ಲಿ ಬಿಳಿ ಮನೆ ಒತ್ತಿದಳು. ಪರೀಕ್ಷಕರು ತಡೆದರು. “ಹಾಳ್ಯಾಗ ಹಿಂಗ ಐತ್ರಿ. ಬಾಯೇರನ್ನ ಕೇಳ್ರಿ,” ಎಂದು ನನ್ನ ಕಡೆ ನೋಡಿದಳು. ನಾನೂ ಆ ದಿನ ಪರೀಕ್ಷಕಳೇ.

“ತಪ್ಪು,” ಎಂದೆ. ಅವಳ ಹೆಸರಿನ ಮುಂದೆ ಫೇಲ್ ಎಂದು ಬರೆದೆ.

ಒಮ್ಮೆ ಫೇಲಾದವರಿಗೆ ಎರಡನೇ ಅವಕಾಶವಿಲ್ಲ. ನೀಲವ್ವ ಈಗ ಅಪ್ಪನ ಕೆಲಸ ಮಾಡುತ್ತಾಳೆ. ನನ್ನ ಕಚೇರಿಗಳಿಗೆ ಮುಂಚೆ ಬಂದು ಶ್ರುತಿ ಮಾಡುವವಳು ಅವಳೇ. ಎಲ್ಲ ಮುಗಿದ ಮೇಲೆ ಆ ಒಂದು ಕಪ್ಪು ಮನೆಯನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಾಳೆ. “ನಿಮ್ಮ ಸ್ವರ ಸರಿ ಐತ್ರಿ, ಬಾಯೇರ,” ಎಂದು ಹೇಳಿ ಹೋಗುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಅವಳು ನನ್ನೊಡನೆ ಆಡಿದ್ದು ಇದೊಂದೇ ಮಾತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಸತ್ತು ನೂರು ವರ್ಷಕ್ಕೆ ಅಚ್ಚಿನ ಹಕ್ಕು ನಿಮ್ಮ ಕೈಗೆ ಬರುತ್ತದೆ. ಅದುವರೆಗೆ ಒಂದು ಸ್ವರವನ್ನೂ ತಿದ್ದುವಂತಿಲ್ಲ. ನೀಲವ್ವನ ಹಾಳೆ ಅಂದು ಪರೀಕ್ಷೆಯ ಮೇಜಿನ ಮೇಲೇ ಉಳಿದಿತ್ತು, ನಾನು ಎತ್ತಿಟ್ಟುಕೊಂಡೆ. ಈ ಪತ್ರದೊಳಗೆ ಅದನ್ನು ಮಡಚಿಟ್ಟಿದ್ದೇನೆ. ದಯವಿಟ್ಟು ಆ ಸ್ವರ ತಿದ್ದಿ, ತಿದ್ದಿದ್ದು ಯಾರೆಂದು ಅವಳ ಹೆಸರು ಹಾಕಿ.

ಇದನ್ನೆಲ್ಲ ಇವತ್ತೇ ನಾಲ್ಕು ಜನರ ಮುಂದೆ ಹೇಳಬಹುದಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದು. ನನ್ನ ಮುಖಕ್ಕೆ ಉಗಿಯಲಾಗದಷ್ಟು ದೂರದಲ್ಲಿರುವಿರೆಂದೇ ನಿಮಗೆ ಬರೆಯುತ್ತಿದ್ದೇನೆ.

ನಾಳೆ ಸಂಜೆ ಇಲ್ಲೇ ನನ್ನ ಕಚೇರಿಯಿದೆ. ನಾಲ್ಕು ಗಂಟೆಗೆ ನೀಲವ್ವ ಬರುತ್ತಾಳೆ. ಸೀರೆ ಇಸ್ತ್ರಿಗೆ ಕೊಟ್ಟಿದ್ದೇನೆ.

ವಾರುಣಿ