ಎರಡೂ ಬಂದರೇನೇ ಹಾಲು

ಲೋ ತಮ್ಮಾ,

ಮರಿಗಳಿಗೆ ಹಾಲು ಬಿಡಿಸೋಕೆ ಅಂತ ನೀನು ಅಡ್ಡ ಕಟ್ಟಿದ್ದ ಬೇಲಿ ಬಿಚ್ಚಿದ್ದೀನಿ. ಮತ್ತೆ ಕಟ್ಟಿದ್ಯೋ, ಜೋಕೆ! ನಮ್ಮ ಕರಿಕಿವಿ ಕುರಿ ನಿನಗಿಂತ ಜಾಣೆ, ತಾನೇ ಬಿಡಿಸ್ತಿದ್ದಾಳೆ. ಒಂದೇ ಮರಿ ಬಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾಳೆ. ಎರಡೂ ಬಂದ್ರೆ ಮಾತ್ರ ನಿಂತು, ಒಂದೆರಡು ಗುಟುಕು ಕೊಟ್ಟು, ಸಾಕು ಅಂತ ಝಾಡಿಸ್ತಾಳೆ. ಹಾವು ಮುಂಗುಸಿ ಥರ ಕಿತ್ತಾಡ್ತಿದ್ದ ಮರಿಗಳು ಈಗ ಹಸಿವಾದ್ರೆ ಮೊದಲು ಒಂದನ್ನೊಂದು ಹುಡುಕ್ತವೆ! ಎಂಥಾ ತಲೆ ನೋಡು ಅವಳದು.

ಪಾಪ ಅಂತ ಬಾಟಲಿ ಹಿಡೀಬೇಡ. ತೊಟ್ಟಿಗೆ ನೀರು ತುಂಬಿಸು, ಎಳೇ ಹುಲ್ಲು ಹಾಕು.

ಮೊನ್ನೆ ಈ ಬೇಲಿ ಜಗಳ ಆದಾಗಿಂದ ಇಬ್ರೂ ಬೇರೆ ಬೇರೆ ಹೊತ್ತಿಗೆ ಉಣ್ತಿದ್ದೀವಿ. ರಾತ್ರಿಗೆ ಅಡುಗೆ ಮಾಡಿಟ್ಟಿದ್ದೀನಿ. ನಾನು ಬರೋವರೆಗೂ ಮುಚ್ಚಳ ತೆಗೀಬೇಡ.

ಅಕ್ಕ