ಸುಧೀರನಿಗೆ ಕೊಡದ ಬಂಗುಡೆ

ವನಜ,

ವಿಳಾಸ ಇದ್ದರೂ ಇದನ್ನು ಪೋಸ್ಟಿಗೆ ಹಾಕುವ ಧೈರ್ಯ ನಂಗಿಲ್ಲ. ನಿನ್ನ ಗಂಡ ಸುಧೀರ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಗೆದ್ದ. ನಿನ್ನನ್ನು ಬಿಟ್ಟು ಇನ್ನೊಬ್ಬಳನ್ನು ಮನೆಗೆ ತಂದವನಿಗೆ ನಾನೂ ಓಟು ಹಾಕಿದೆ. ಎದುರು ನಿಂತವರು ಮರ್ಯಾದಸ್ಥರು, ಒಳ್ಳೆ ಸಂಸಾರಸ್ಥರು. ಆದರೆ ಮೀನು ಮಾರುವ ನಾವು ಮಳೆಯಲ್ಲಿ ನೆನೆಯುವಾಗ ಒಮ್ಮೆಯೂ ಬಂದು ಕೇಳಿದವರಲ್ಲ. ತೆಕ್ಕಟ್ಟೆಯ ನಮ್ಮ ಮಾರ್ಕೆಟ್ಟಿಗೆ ಶೀಟು ಹಾಕಿಸಿದ್ದು ಸುಧೀರನೇ.

ನೀನು ಮುಂಬೈ ಬಸ್ಸು ಹತ್ತಿದ ದಿನದಿಂದ ನಾನು ಅವನಿಗೆ ಮೀನು ಮಾರಿಲ್ಲ. ಇವತ್ತು ಬೆಳಿಗ್ಗೆ ಕುತ್ತಿಗೆಯ ಹಾರವನ್ನೂ ತೆಗೆಯದೆ ನನ್ನ ಬಂಗುಡೆ ಮೀನಿನ ಬುಟ್ಟಿಯ ಮುಂದೆ ಬಂದು ನಿಂತ.

"ಹರಿಣಾಕ್ಷಿ, ಇವತ್ತಿನ ಬೋಣಿ ನಂದೇ ಆಗ್ಲಿ."

"ನಿಂಗೆ ಕೊಡುದಿಲ್ಲೆ," ಅಂದೆ.

ಅವನು ಸಿಟ್ಟಾಗಲಿಲ್ಲ, ತಲೆ ತಗ್ಗಿಸಿ ಹೋದ. ಎಡಬದಿಯಲ್ಲಿ ಕೂತ ಸುಗುಣಕ್ಕ ನಕ್ಕಳು.

"ಓಟೇ ಕೊಟ್ಟಾಯ್ತಲ್ಲ, ಇನ್ನ್ ನಾಕ್ ಬಂಗುಡೆ ಕೊಡುಕೆ ಎಂತ?"

ನನ್ನ ಬಲಬದಿಯಲ್ಲಿ ನೀನು ಬುಟ್ಟಿ ಇಟ್ಟು ಕೂರುತ್ತಿದ್ದ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ, ವನಜ. ಈಗ ಅಲ್ಲಿಯೂ ಮಳೆ ಬೀಳುವುದಿಲ್ಲ.