ಸಾವಂತ್ರೆವ್ವನ ಹೊಲದ ಚಿನ್ನ

೧೨ ಜನವರಿ ೧೯೮೪, ದೇವಿಕೊಪ್ಪ ಕ್ಯಾಂಪ್

ಬೆಳಗ್ಗಿನಿಂದ ಹಳ್ಳದ ಮರಳು ಜಾಲಿಸಿದ್ದೇ ಜಾಲಿಸಿದ್ದು. ಸೊಂಟ ಬಿದ್ದುಹೋಯಿತು. ಸಾವಂತ್ರೆವ್ವನ ಹೊಲದ ಬಾಜು ಮಡುವಿನಲ್ಲಿ, ಪ್ಯಾನಿನ ತಳದಲ್ಲಿ ಹಳದಿ ಕಣ! ಕೂಲಿಯ ಮಾಳಪ್ಪ ಮೊದಲು ನೋಡಿದ. "ಸಾಹೇಬ್ರ, ಬಂಗಾರ ಐತ್ರಿ!" ಭೂವಿಜ್ಞಾನ ಇಲಾಖೆಗಾಗಿ ಇಷ್ಟು ವರ್ಷ ಗುಡ್ಡ ಅಲೆದು ಕಬ್ಬಿಣದ ಕಲ್ಲು ಬಿಟ್ಟು ಏನೂ ಕಾಣದ ನಾನು ಆ ಕಣವನ್ನು ಕಾಗದದಲ್ಲಿ ಮಡಚಿ ಎದೆಯ ಜೇಬಿಗಿಟ್ಟುಕೊಂಡೆ.

೧೪ ಜನವರಿ

ಊರಿಗೆಲ್ಲ ಸುದ್ದಿ. ಗುಲಾಮಹುಸೇನ ಅನ್ನುವ, ನೀರಲ್ಲಿ ಜಾಲಿಸಿ ಚಿನ್ನ ಹೆಕ್ಕುವ ಜಾಲಗಾರ ಸೈಕಲ್ ಮೇಲೆ ಚೀಲ ಹೇರಿಕೊಂಡು ಬಂದ. ಪ್ರತಿ ವರ್ಷ ಅದೇ ಮಡುವಿನಲ್ಲಿ ಜಾಲಿಸುತ್ತಾನಂತೆ. ಸಾವಂತ್ರೆವ್ವ ಅಡ್ಡ ನಿಂತಳು.

"ನನ್ನ ಹೊಲದ ಬಂಗಾರ ಇಷ್ಟ್ ವರ್ಷ ನೀನ ಒಯ್ದಿ ಏನಲೇ? ಇನ್ನ ಈ ಕಡೆ ಹಣಿಕಿ ಹಾಕಬ್ಯಾಡ!"

"ಯವ್ವಾ, ಬ್ಯಾರೆ ಕಡೆ ನೀರ ಇಲ್ಲಬೇ. ಹೊಟ್ಟಿಪಾಡು..."

ಅವಳು ಕೇಳಲಿಲ್ಲ, ಅವನನ್ನು ಅಟ್ಟಿಬಿಟ್ಟಳು. ನಾನೂ ತಡೆಯಲಿಲ್ಲ. ಒಳಗೊಳಗೇ ಹಿಗ್ಗಿದೆ ಕೂಡ — ಜಾಲಗಾರರು ಕೂತಲ್ಲಿ ಹುಡುಕು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಆಫೀಸಿಗೆ ಟೆಲಿಗ್ರಾಮ್ ಕೊಟ್ಟೆ, ಚಿನ್ನ ಸಿಕ್ಕಿದೆ ಅಂತ.

೨೩ ಜನವರಿ

ಬರೆಯಲು ಪುರುಸೊತ್ತಿಲ್ಲ. ಮಡುವಿನ ಮೇಲುಗಡೆ ಹಳ್ಳವನ್ನೆಲ್ಲ ಜಾಲಿಸಿದೆವು. ಒಂದು ಕಣವೂ ಇಲ್ಲ. ಹಾಗಾದರೆ ಚಿನ್ನ ಬಂದದ್ದೆಲ್ಲಿಂದ? ಮಧ್ಯಾಹ್ನ ಕಣಗಳನ್ನು ಲೆನ್ಸಿನಡಿ ಇಟ್ಟೆ. ಹಳ್ಳದಲ್ಲಿ ಉರುಳಿ ಬಂದ ಚಿನ್ನ ನುಣ್ಣಗಿರಬೇಕು. ಇವುಗಳ ಮೇಲೆ ನೆಟ್ಟನೆಯ ಗೀರು. ಅರದಿಂದ ಉಜ್ಜಿದ ಗೀರು.

೨೪ ಜನವರಿ, ಸಂಜೆ

ಕಲಘಟಗಿ ಸಂತೆಯಲ್ಲಿ ಗುಲಾಮಹುಸೇನ ಸಿಕ್ಕ. ಇನ್ನೂ ನೀರು ಹುಡುಕುತ್ತ ಅಲೆಯುತ್ತಿದ್ದಾನೆ. ಚೀಲ ಬಿಚ್ಚಿ ತೋರಿಸಿದ — ಹುಬ್ಬಳ್ಳಿಯ ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿಗಳ ಕಸ, ಬೂದಿ, ಅರದ ಪುಡಿ.

"ಹಳ್ಳದಾಗ ಬಂಗಾರ ಎಲ್ಲೈತ್ರಿ ಸಾಹೇಬ್ರ? ಈ ಕಸಾ ಅಲ್ಲಿ ತೊಳಿತೀನ್ರಿ. ನನ್ನ ಕೈ ತಪ್ಪಿದ್ದು ನಿಮಗ ಸಿಕ್ಕಿರಬೇಕ್ರಿ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಮಡು ಬತ್ತುವ ಮೊದಲು ಇದನ್ನೆಲ್ಲ ತೊಳೆಯದಿದ್ದರೆ ಅವನ ಮನೆಯ ಒಲೆ ಹೊತ್ತುವುದಿಲ್ಲ. ಆಫೀಸಿಗೆ ಇನ್ನೊಂದು ಟೆಲಿಗ್ರಾಮ್ ಕೊಟ್ಟೆ, ಚಿನ್ನ ಇಲ್ಲ ಅಂತ. ಅದು ಸುಲಭ. ಸಾವಂತ್ರೆವ್ವನಿಗೆ ಹೇಳಬೇಕಲ್ಲ...

೨೫ ಜನವರಿ

ಹೋದೆ. ಸಾವಂತ್ರೆವ್ವ ಸೀರೆ ಎತ್ತಿ ಕಟ್ಟಿ ಮಡುವಿನಲ್ಲಿ ನಿಂತಿದ್ದಳು. ಕೈಯಲ್ಲಿ ರೊಟ್ಟಿ ಹಿಟ್ಟು ನಾದುವ ಪರಾತ, ಅದರ ತುಂಬ ಮರಳು. ನನ್ನ ಕಂಡವಳೇ ಬೆರಳು ಚಾಚಿದಳು. ತುದಿಯಲ್ಲಿ ಒಂದೇ ಒಂದು ಕಣ.

"ನನಗೂ ಸಿಕ್ತು ನೋಡ್ರಿ! ಬಂಗಾರ ಹೌದಲ್ರಿ?"

"ಹೌದು," ಅಂದೆ. ಸುಳ್ಳಲ್ಲ.

"ತವರಿನವ್ರು ಕಲ್ಲ ಹೊಲಾ ಕೊಟ್ಟು ಕೈ ತೊಳಕೊಂಡ್ರು ಅಂತ ಊರೆಲ್ಲಾ ನಕ್ಕಿತ್ರಿ. ಈಗ ನಗಲಿ!"

ಅಷ್ಟು ಖುಷಿಯಲ್ಲಿ ಅವಳನ್ನು ಎಂದೂ ನೋಡಿರಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆದರೂ ಹೇಳಿದೆ, "ಬಂಗಾರ ಖರೇನ. ಆದ್ರ ಅದು ನಿಮ್ಮ ಹೊಲದ್ದಲ್ಲ ಸಾವಂತ್ರೆವ್ವಾ. ಗುಲಾಮಹುಸೇನಂದು."

ಮುಖದ ಮೇಲಿನ ನಗು ಇನ್ನೂ ಹಾಗೇ ಇತ್ತು. ಬೆರಳು ಮಾತ್ರ ಮೆಲ್ಲಗೆ ಮಡಚಿ ಆ ಕಣವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿತು.